ಬಂಗಡೆ ಊಟ, ಅಪ್ಪೆಹುಳಿ, ಲೈಫ್ ಜಾಕೆಟ್: ರಿವ್ಯೂಗೆ ಒಪ್ಪಿಗೆ ಕೊಡುವ ಅಳತೆ ಯಾವುದು?

ಜುಲೈ ತಿಂಗಳ ಒಂದು ಸೋಮವಾರ ಮೂರು ರಿವ್ಯೂಗಳು ಒಪ್ಪಿಗೆಗೆ ಕಾದು ಕೂತಿವೆ ಎಂದುಕೊಳ್ಳಿ.

ಮೊದಲನೆಯದು ಶಿರಸಿ ಕಡೆಯ ಒಂದು ಹೋಮ್‌ಸ್ಟೇ ಬಗ್ಗೆ: ‘ಸೂಪರ್ ಜಾಗ, ಸೂಪರ್ ಊಟ, ಒಳ್ಳೇ ಜನ. ಎಲ್ಲರೂ ಒಮ್ಮೆ ಹೋಗಲೇಬೇಕು.’ ಐದು ಸ್ಟಾರ್. ಎರಡನೆಯದು ಕಾರವಾರದ ಒಂದು ಮೀನೂಟದ ಖಾನಾವಳಿ ಬಗ್ಗೆ: ‘ಸಮುದ್ರ ಪಕ್ಕದಲ್ಲೇ ಇದ್ದರೂ ಇಸ್ವಾಣ ಮೀನು ಇಲ್ಲ, ಇದ್ದ ಬಂಗಡೆ ಐಸಿನದ್ದು. ಹೋದದ್ದೇ ದಂಡ.’ ಒಂದು ಸ್ಟಾರ್. ಮೂರನೆಯದು ಹೊನ್ನಾವರ ಕಡೆಯ ಒಂದು ಬೋಟಿನ ಬಗ್ಗೆ: ‘ಮೇ ತಿಂಗಳಲ್ಲಿ ಹೋಗಿದ್ದೆವು. ಬೋಟಿನಲ್ಲಿ ಹನ್ನೆರಡು ಜನ, ಲೈಫ್ ಜಾಕೆಟ್ ಏಳು. ಕೇಳಿದ್ದಕ್ಕೆ, ಇಲ್ಲಿ ಆಳ ಇಲ್ಲ ಬಿಡಿ ಅಂದರು.’ ಎರಡು ಸ್ಟಾರ್.

ಹೆಚ್ಚಿನವರು ಮೊದಲನೆಯದನ್ನು ಕಣ್ಣು ಮುಚ್ಚಿ ಪಾಸು ಮಾಡುತ್ತಾರೆ. ಎರಡನೆಯದರ ಮುಂದೆ ಸ್ವಲ್ಪ ತಡವರಿಸುತ್ತಾರೆ. ಮೂರನೆಯದನ್ನು ‘ಯಾಕೆ ಬೇಕು ರಗಳೆ’ ಎಂದು ಬದಿಗಿಡುತ್ತಾರೆ. ನನ್ನ ಪ್ರಕಾರ ಆಗಬೇಕಾದ್ದು ಇದರ ಉಲ್ಟಾ. ಮೊದಲನೆಯದನ್ನು ತಡೆದು, ಯಾವಾಗ ಹೋಗಿದ್ದಿರಿ, ಏನು ತಿಂದಿರಿ ಎಂದು ಕೇಳಬೇಕು. ಎರಡನೆಯದನ್ನು ಇದ್ದ ಹಾಗೇ ಹಾಕಬೇಕು, ತಿಂಗಳನ್ನು ಎದ್ದು ಕಾಣುವಂತೆ ತೋರಿಸಿ. ಮೂರನೆಯದನ್ನು ಅದೇ ದಿನ ಕೈಗೆತ್ತಿಕೊಳ್ಳಬೇಕು.

ನಾವು ಕೆಲವರು ಸೇರಿ ಉತ್ತರ ಕನ್ನಡ ಜಿಲ್ಲೆಯ ಊಟ, ವಸತಿ, ಬೋಟು ಇಂಥದರ ಬಗ್ಗೆ ಜನ ಬರೆದು ಕಳಿಸುವ ಅನುಭವಗಳನ್ನು ಓದಿ, ಒಪ್ಪಿ, ಆನ್‌ಲೈನ್‌ನಲ್ಲಿ ಹಾಕುವ ಕೆಲಸ ಮಾಡುತ್ತೇವೆ. ಸಂಬಳ ಇಲ್ಲದ ಕೆಲಸ. ಬೈಗುಳಕ್ಕೆ ಮಾತ್ರ ಬರವಿಲ್ಲ. ಹೊಸದಾಗಿ ಸೇರಿದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ರಿವ್ಯೂ ನಿಜವೋ ಸುಳ್ಳೋ ಅಂತ ನಮಗೆ ಹೇಗೆ ಗೊತ್ತಾಗಬೇಕು?’

ಗೊತ್ತಾಗುವುದಿಲ್ಲ. ಬಂಗಡೆ ರುಚಿ ಇತ್ತೋ ಇಲ್ಲವೋ ಎನ್ನುವುದು ತಿಂದವರ ನಾಲಿಗೆಗೆ ಮಾತ್ರ ಗೊತ್ತು. ಒಪ್ಪಿಗೆ ಕೊಡುವವರಿಗೆ ಕೇಳಲು ಬರುವ ಪ್ರಶ್ನೆಗಳೇ ಬೇರೆ. ಬರೆದವರು ಅಲ್ಲಿಗೆ ಹೋಗಿದ್ದರೇ? ಅವರಿಗೆ ಅದರಲ್ಲಿ ಲಾಭ-ನಷ್ಟ ಏನಾದರೂ ಇದೆಯೇ? ಹೇಳಿದ್ದು ಆ ಜಾಗದ ಬಗ್ಗೆಯೇ? ಓದಿದವರು ಮುಂದಿನ ಸಲ ಹೋದಾಗ ತಾವೇ ನೋಡಿಕೊಳ್ಳಬಹುದಾದ ಒಂದಾದರೂ ಸಂಗತಿ ಅದರಲ್ಲಿದೆಯೇ? ಅಡಿಕೆ ವಿಂಗಡಿಸುವವರು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ಮಾಡುತ್ತಾರೆಯೇ ಹೊರತು ದರ ಕಟ್ಟುವುದಿಲ್ಲ. ದರ ಟೆಂಡರಿನಲ್ಲಿ ಆಗುತ್ತದೆ. ರಿವ್ಯೂ ನೋಡುವವರ ಕೆಲಸವೂ ಅಷ್ಟೇ. ಊಟ ಚೆನ್ನಾಗಿತ್ತೇ ಎಂಬ ತೀರ್ಮಾನ ಓದುವವರಿಗೆ ಬಿಟ್ಟದ್ದು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಅಂದರೆ, ಬೇಕು, ದುಡ್ಡಿನ ವಿಷಯ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ರೆಸ್ಟೊರೆಂಟುಗಳ ಲೆಕ್ಕ ಹಿಡಿದು ನೋಡಿದರು. ಯೆಲ್ಪ್ ಎಂಬ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಅವರಿಗೆ ಕಂಡಿತು. ಅದರಲ್ಲಿ ನಮಗೆ ಮುಖ್ಯವಾದದ್ದು ಇನ್ನೊಂದು ಮಾತು: ಆ ಏರಿಕೆ ಸ್ವತಂತ್ರವಾಗಿ ನಡೆಯುವ ರೆಸ್ಟೊರೆಂಟುಗಳಿಗೆ ಮಾತ್ರ, ದೊಡ್ಡ ಸರಣಿ ಹೋಟೆಲುಗಳಿಗೆ ಅಲ್ಲ. ಹೆಸರು ಮೊದಲೇ ಗೊತ್ತಿರುವ ಕಡೆ ಜನ ರಿವ್ಯೂ ನೋಡುವುದು ಕಡಿಮೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇರುವುದೆಲ್ಲ ಬಹುಪಾಲು ಮನೆಯವರೇ ನಡೆಸುವ ಖಾನಾವಳಿ, ಮೂರ್ನಾಲ್ಕು ಕೋಣೆಯ ಹೋಮ್‌ಸ್ಟೇ. ಒಂದು ಸ್ಟಾರಿನ ಪೆಟ್ಟು ಬೀಳುವುದು ಇಂಥವರ ಮೇಲೇ.

ಹೋಗಿದ್ದರೇ?

ಮೊದಲ ಜರಡಿ ಇದು. ಇದಕ್ಕೆ ಆಧಾರವಾಗಿ ನಾನು ಸದಾ ಹೇಳುವ ಒಂದು ಅಧ್ಯಯನ ಇದೆ. ಎಕ್ಸ್‌ಪೀಡಿಯಾ ಎಂಬ ಬುಕಿಂಗ್ ತಾಣದಲ್ಲಿ ಕೋಣೆ ಕಾದಿರಿಸಿ ಉಳಿದವರು ಮಾತ್ರ ಆ ಹೋಟೆಲಿನ ಬಗ್ಗೆ ಬರೆಯಬಹುದಿತ್ತು. ಟ್ರಿಪ್ ಅಡ್ವೈಸರ್ ಎಂಬ ಪ್ರವಾಸ ರಿವ್ಯೂ ತಾಣದಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಮೇಜ್ಲಿನ್, ಡೋವರ್, ಶೆವಲಿಯೆ ಎಂಬ ಮೂವರು ಅದೇ ಹೋಟೆಲುಗಳಿಗೆ ಎರಡೂ ಕಡೆ ಬಂದ ರಿವ್ಯೂಗಳನ್ನು ಪಕ್ಕಪಕ್ಕ ಇಟ್ಟು ನೋಡಿ 2014ರಲ್ಲಿ ಪ್ರಕಟಿಸಿದರು. ಪಕ್ಕದಲ್ಲೇ ಪೈಪೋಟಿಯ ಹೋಟೆಲು ಇದ್ದರೆ, ಯಾರು ಬೇಕಾದರೂ ಬರೆಯಬಹುದಾದ ಕಡೆ ಕೆಟ್ಟ ರಿವ್ಯೂಗಳು ಹೆಚ್ಚಿದ್ದವು. ಅದರಲ್ಲೂ ಆ ನೆರೆಹೊರೆಯ ಹೋಟೆಲು ಸಣ್ಣ ಮಾಲೀಕರದ್ದಾದರೆ ಇನ್ನೂ ಹೆಚ್ಚು. ಗೋಕರ್ಣದ ಕುಡ್ಲೆ ಕಡಲತೀರದಲ್ಲಿ ಒಂದಕ್ಕೊಂದು ಗೋಡೆ ತಾಗಿದಂತೆ ಇರುವ ಶ್ಯಾಕುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಿಲ್ ತೋರಿಸಿದವರ ರಿವ್ಯೂ ಮಾತ್ರ ಹಾಕೋಣ ಎನ್ನಬಹುದು. ನಮ್ಮ ಕಡೆ ಅದು ನಡೆಯುವ ಮಾತಲ್ಲ. ಬಾಳೆಲೆ ತೆಗೆದು ಕೈತೊಳೆದು ಬಂದವರಿಗೆ ಗಲ್ಲಾದಲ್ಲಿ ಕೂತ ಅಕ್ಕ ಬಾಯಲ್ಲೇ ಲೆಕ್ಕ ಹೇಳುತ್ತಾಳೆ. ಬಿಲ್ ಎಲ್ಲಿಂದ ಬರಬೇಕು? ಬಿಲ್ ಇಲ್ಲದವರು ಸುಳ್ಳರು ಎಂದು ಹೇಳಲೂ ಬರುವುದಿಲ್ಲ. ಆಂಡರ್ಸನ್ ಮತ್ತು ಸಿಮೆಸ್ಟರ್ 2014ರಲ್ಲಿ ಬಟ್ಟೆ ಮಾರುವ ಒಂದು ಕಂಪನಿಯ ರಿವ್ಯೂಗಳನ್ನು ಖರೀದಿ ದಾಖಲೆಯ ಜೊತೆ ತಾಳೆ ನೋಡಿದರು. ಸುಮಾರು ಶೇ 5ರಷ್ಟು ರಿವ್ಯೂಗಳಿಗೆ ಖರೀದಿಯ ದಾಖಲೆಯೇ ಇರಲಿಲ್ಲ, ಮತ್ತು ಅವು ಉಳಿದವುಗಳಿಗಿಂತ ಖಾರವಾಗಿದ್ದವು. ಬರೆದವರು ಯಾರು ಎಂದು ನೋಡಿದರೆ ಹಲವರು ಅದೇ ಕಂಪನಿಯ ಹಳೇ, ಒಳ್ಳೇ ಗಿರಾಕಿಗಳು. ಎದುರಾಳಿ ಕಳಿಸಿದ ಜನ ಅಲ್ಲ. ‘ನಮ್ಮ ಅಂಗಡಿ’ ಎಂಬ ಸಲುಗೆಯಿಂದ ತಾವು ಕೊಳ್ಳದ್ದಕ್ಕೂ ಬುದ್ಧಿ ಹೇಳಿದವರು. ಅಂಥವರು ನಮ್ಮ ಊರಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ.

ಆದ್ದರಿಂದ ಈ ಜರಡಿಯ ಕಣ್ಣು ಸ್ವಲ್ಪ ದೊಡ್ಡದಿರಲಿ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ (ಫೋನ್ ನಂಬರು ಮುಚ್ಚಿ), ಎಲೆಯ ಮುಂದೆ ತೆಗೆದ ಫೋಟೊ, ಕೋಣೆ ಕಾದಿರಿಸಿದ ಮೆಸೇಜು, ಇವುಗಳಲ್ಲಿ ಒಂದಿದ್ದರೆ ‘ಭೇಟಿ ಖಚಿತ’ ಎಂಬ ಗುರುತು ಹಾಕಿ. ಒಂದೂ ಇಲ್ಲದಿದ್ದರೆ ಹೋದ ತಿಂಗಳು, ತಿಂದದ್ದು ಅಥವಾ ಉಳಿದದ್ದು, ಕೊಟ್ಟ ದುಡ್ಡು ಇಷ್ಟು ಕೇಳಿ. ಹೇಳಿದರೆ ಗುರುತಿಲ್ಲದೆ ಹಾಕಿ. ಏನನ್ನೂ ಹೇಳಲಾಗದವರ ರಿವ್ಯೂ ಮಾತ್ರ ನಿಲ್ಲಲಿ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ತಂದಿದೆ. ಕಡ್ಡಾಯವಾಗಿ ಅಲ್ಲ, ಸ್ವಯಂಪ್ರೇರಣೆಯ ಮೇಲೆ ಜಾರಿಗೆ ಬಂದದ್ದು. ಅದು ಬರೆದವರನ್ನು ಖಚಿತಪಡಿಸಿಕೊಳ್ಳಲು ಹೇಳುವ ದಾರಿಗಳೂ ಇಷ್ಟೇ ಸರಳ: ಇಮೇಲ್, ಫೋನ್ ಕರೆ, ಎಸ್ಸೆಮ್ಮೆಸ್, ಲಿಂಕ್ ಒತ್ತಿಸುವುದು. ಬರೆದದ್ದು ಮನುಷ್ಯರು, ಅವರನ್ನು ಮತ್ತೆ ಸಂಪರ್ಕಿಸಬಹುದು ಎಂಬಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬರೆದವರು ಇರಲಿ, ಜಾಗವೇ ಇಲ್ಲದಿದ್ದರೆ? 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬಾತ ತನ್ನ ಮನೆ ಹಿತ್ತಲ ಶೆಡ್ಡನ್ನು ರೆಸ್ಟೊರೆಂಟ್ ಎಂದು ಟ್ರಿಪ್ ಅಡ್ವೈಸರ್‌ಗೆ ಸೇರಿಸಿ, ಶೇವಿಂಗ್ ಫೋಮಿನಂಥದ್ದನ್ನು ತಟ್ಟೆಯಲ್ಲಿಟ್ಟು ತಿಂಡಿಯ ಫೋಟೊ ತೆಗೆದು, ಸ್ನೇಹಿತರಿಂದ ರಿವ್ಯೂ ಬರೆಸಿ, ಅದನ್ನು ಲಂಡನ್ನಿನ ಮೊದಲನೇ ಸ್ಥಾನಕ್ಕೆ ಏರಿಸಿಬಿಟ್ಟ. ಅಲ್ಲಿಯವರೆಗೆ ಅಲ್ಲಿ ಯಾರೂ ಒಂದು ತುತ್ತೂ ಉಂಡಿರಲಿಲ್ಲ. ಕಾಡೊಳಗಿನ ‘ಹೋಮ್‌ಸ್ಟೇ’ಗಳ ಫೋಟೊ ನೋಡುವಾಗ ನನಗೆ ಆ ಶೆಡ್ಡು ನೆನಪಾಗದೆ ಇರುವುದಿಲ್ಲ. ಜಿಲ್ಲೆಯ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಅನುಕೂಲ ಇದೆ. ಹೊಸ ಜಾಗದ ಹೆಸರು ಬಂದರೆ ಆ ಊರಲ್ಲಿ ಯಾರಿಗಾದರೂ ಫೋನ್ ಮಾಡಿದರೆ ಸಾಕು, ಐದು ನಿಮಿಷದಲ್ಲಿ ಮಾಲೀಕರ ಮೂರು ತಲೆಮಾರಿನ ಕಥೆ ಸಮೇತ ವಿಷಯ ಬರುತ್ತದೆ.

ಭಾವ ಬರೆದರೆ?

ಎರಡನೇ ಜರಡಿ ಲಾಭ-ನಷ್ಟದ್ದು. ಕಾನೂನು ಇದರಲ್ಲಿ ಸ್ಪಷ್ಟ ಇದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾರುವವರು ತಾವೇ ಗ್ರಾಹಕರೆಂದು ತೋರಿಸಿಕೊಂಡು ತಮ್ಮ ಸರಕು-ಸೇವೆಯ ಬಗ್ಗೆ ರಿವ್ಯೂ ಹಾಕುವಂತಿಲ್ಲ. ದುಡ್ಡು ಕೊಟ್ಟು ಬರೆಸಿದ್ದನ್ನು, ಮಾರುವವರು ಅದಕ್ಕೆಂದೇ ಇಟ್ಟುಕೊಂಡವರು ಬರೆದದ್ದನ್ನು ಪ್ರಕಟಿಸಬಾರದು ಎಂದು ಐಎಸ್ 19000 ಕೂಡ ಹೇಳುತ್ತದೆ.

ಆದರೆ ನಮ್ಮ ಜಿಲ್ಲೆಯಲ್ಲಿ ಸಂಬಂಧ ಎನ್ನುವುದು ಎಲ್ಲಿ ಮುಗಿಯುತ್ತದೆ? ಕುಮಟಾದ ಖಾನಾವಳಿಯವರ ಮಗಳನ್ನು ಅಂಕೋಲಾಕ್ಕೆ ಕೊಟ್ಟಿರುತ್ತಾರೆ, ಅಂಕೋಲಾದವರ ತಮ್ಮ ಕಾರವಾರದಲ್ಲಿ ಬೋಟು ಇಟ್ಟಿರುತ್ತಾನೆ. ಒಬ್ಬ ಮಾಲೀಕರು ಫೋನಿನಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದರು: ‘ಹೌದು ಸರ್, ನಮ್ಮ ಭಾವನೇ ಬರೆದದ್ದು. ಆದ್ರೆ ಊಟ ಚಲೋ ಇದೆ ಅಂದದ್ದು ಸುಳ್ಳೇನಲ್ಲ ಅಲ್ವಾ?’ ಸುಳ್ಳಲ್ಲ, ಸರಿ. ಆದರೂ ಹಾಕುವಂತಿಲ್ಲ. ಊಟ ಚೆನ್ನಾಗಿಲ್ಲ ಎಂದು ಬರೆಯುವ ಸ್ವಾತಂತ್ರ್ಯ ಭಾವನಿಗೆ ಇಲ್ಲವಲ್ಲ. ಬರೆದರೆ ಹಬ್ಬಕ್ಕೆ ಕರೆಯುವವರು ಯಾರು? ಒಂದೇ ದಿಕ್ಕಿಗೆ ಮಾತಾಡಬಲ್ಲವರ ಮಾತಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ನಾನು ಎಳೆಯುವ ಗೆರೆ ಇದು: ಮಾಲೀಕರು, ಅವರ ಮನೆಯವರು, ಹತ್ತಿರದ ನೆಂಟರು, ಕೆಲಸದವರು, ಅದೇ ಊರಲ್ಲಿ ಅದೇ ದಂಧೆ ಮಾಡುವವರು, ಇಷ್ಟು ಜನರದ್ದು ಬೇಡ. ಊರವರು, ಪರಿಚಯದವರು, ಶಾಲೆಯಲ್ಲಿ ಜೊತೆಗೆ ಓದಿದವರು ಬರೆಯಲಿ, ಆದರೆ ‘ಮಾಲೀಕರ ಪರಿಚಯ ಇದೆ’ ಎಂದು ಮೊದಲ ಸಾಲಿನಲ್ಲೇ ಹೇಳಲಿ. ಎಲ್ಲ ಪರಿಚಯವನ್ನೂ ಹೊರಗಿಟ್ಟರೆ ಊರಿನ ಜನ ಯಾರೂ ಬರೆಯಲಾಗದು, ವಾರಾಂತ್ಯಕ್ಕೆ ಬಂದು ಹೋದವರ ಮಾತೇ ಜಿಲ್ಲೆಯ ಮಾತಾಗುತ್ತದೆ.

ಇನ್ನು ಗಲ್ಲಾದ ಮೇಲೆ ಅಂಟಿಸುವ ‘ಐದು ಸ್ಟಾರ್ ಕೊಟ್ಟರೆ ಸೋಲ್ ಕಡಿ ಫ್ರೀ’ ಎಂಬ ಚೀಟಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತಂದ ನಿಯಮ ಇಲ್ಲಿ ಒಂದು ಒಳ್ಳೇ ವ್ಯತ್ಯಾಸ ಮಾಡುತ್ತದೆ: ಇಂಥ ಅಭಿಪ್ರಾಯವನ್ನೇ ಬರೆಯಬೇಕು ಎಂಬ ಷರತ್ತು ಹಾಕಿ ಏನನ್ನಾದರೂ ಕೊಡುವುದು ನಿಷಿದ್ಧ. ‘ರಿವ್ಯೂ ಬರೆಯಿರಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ‘ಐದು ಸ್ಟಾರ್ ಬರೆಯಿರಿ’ ಎಂದು ಸೋಲ್ ಕಡಿ ಕೊಟ್ಟರೆ ತಪ್ಪು. ಆ ಚೀಟಿಯ ಫೋಟೊ ಯಾರಾದರೂ ಕಳಿಸಿದರೆ ಅದು ಇದ್ದಷ್ಟು ದಿನ ಬಂದ ಐದು ಸ್ಟಾರ್‌ಗಳನ್ನೆಲ್ಲ ಸರಾಸರಿಯ ಲೆಕ್ಕದಿಂದ ಹೊರಗಿಡುವುದೇ ಸರಿ.

ರುಚಿ, ಸಂಗತಿ, ಆರೋಪ

ಒಳಗಿನ ಮಾತನ್ನು ನೋಡುವುದು ಎಲ್ಲಕ್ಕಿಂತ ಕಷ್ಟ. ‘ಓದಿದರೆ ಗೊತ್ತಾಗುತ್ತದೆ, ಯಾವುದು ಸುಳ್ಳು ಅಂತ’ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ಕಾರ್ನೆಲ್ ವಿಶ್ವವಿದ್ಯಾಲಯದ 2011ರ ಒಂದು ಪ್ರಯೋಗ ತೋರಿಸಬೇಕು. ಶಿಕಾಗೊದ 20 ಹೋಟೆಲುಗಳ ಬಗ್ಗೆ 400 ನಿಜವಾದ, 400 ದುಡ್ಡು ಕೊಟ್ಟು ಬರೆಸಿದ ಸುಳ್ಳು ಹೊಗಳಿಕೆಗಳನ್ನು ಸೇರಿಸಿ, ಅದರಲ್ಲೊಂದು ಪಾಲನ್ನು ಮನುಷ್ಯರ ಮುಂದಿಟ್ಟರು. ಯಾರ ಊಹೆಯೂ ಶೇ 60ರ ಆಸುಪಾಸು ದಾಟಲಿಲ್ಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಕಂಪ್ಯೂಟರ್ ಸುಮಾರು 90ರವರೆಗೆ ಹೋಯಿತು. ಅದಕ್ಕೆ ಸಿಕ್ಕ ಸುಳಿವುಗಳಲ್ಲಿ ಒಂದು, ನಿಜವಾಗಿ ಉಳಿದವರು ಕೋಣೆ, ಬಚ್ಚಲು, ನೆಲ, ಎಷ್ಟು ಸಣ್ಣದು ಎಂದೆಲ್ಲ ಜಾಗದ ಬಗ್ಗೆ ಬರೆಯುತ್ತಾರೆ; ಬರೆಸಿಕೊಂಡವರು ಗಂಡ, ರಜೆ, ಪ್ರಯಾಣ ಎಂದು ಹೊರಗಿನದ್ದನ್ನು ಹೆಚ್ಚು ಹೇಳುತ್ತಾರೆ.

ಇದನ್ನು ಸುಳ್ಳು ಹಿಡಿಯುವ ಯಂತ್ರ ಮಾಡಿಕೊಳ್ಳಬೇಡಿ. ಈಗ ಯಾವ ಚಾಟ್‌ಬಾಟನ್ನು ಕೇಳಿದರೂ ಬಚ್ಚಲಿನ ಹಂಚಿನ ಬಣ್ಣ ಸಮೇತ ಬರೆದುಕೊಡುತ್ತದೆ. ನಮಗೆ ಅದರಿಂದ ತೆಗೆದುಕೊಳ್ಳಲು ಇರುವುದು ಒಂದು ಕನಿಷ್ಠ ಷರತ್ತು: ಕಂಡದ್ದು, ತಿಂದದ್ದು, ಕೊಟ್ಟದ್ದು, ಕಾದದ್ದು, ಇವುಗಳಲ್ಲಿ ಒಂದಾದರೂ ನಿರ್ದಿಷ್ಟ ಸಂಗತಿ ಇರಬೇಕು. ಇಲ್ಲದ್ದು ಹೊಗಳಿಕೆಯಾದರೂ ವಾಪಸು, ಬೈಗುಳವಾದರೂ ವಾಪಸು. ಮೊದಲು ಹೇಳಿದ ‘ಸೂಪರ್ ಜಾಗ, ಸೂಪರ್ ಊಟ’ ಇಲ್ಲಿ ಸಿಕ್ಕಿಬೀಳುತ್ತದೆ.

ಷರತ್ತು ದಾಟಿದ ಮೇಲೆ ಪ್ರತಿ ವಾಕ್ಯವನ್ನೂ ಮೂರರಲ್ಲಿ ಒಂದು ಬುಟ್ಟಿಗೆ ಹಾಕಬಹುದು. ರುಚಿಯ ಮಾತಿಗೆ ನಾವು ಕೈ ಹಾಕುವಂತಿಲ್ಲ. ಶಿರಸಿ ಸೀಮೆಯ ಒಂದು ಹೋಮ್‌ಸ್ಟೇಗೆ ಬಂದವರೊಬ್ಬರು ‘ಸಾರು ಅಂತ ಬರೀ ನೀರು ಬಡಿಸಿದರು, ಮೋಸ’ ಎಂದು ಬರೆದರು. ಅದು ಅಪ್ಪೆಹುಳಿ. ಮಾಲೀಕರು ಹಿರಿಯರು, ಫೋನಿನಲ್ಲಿ ಕುದಿಯುತ್ತಿದ್ದರು: ‘ತಮಾ, ಅಪ್ಪೆಹುಳಿ ಅಂದ್ರೆ ನೀರಾಗೇ ಇರ್ತು. ಗಟ್ಟಿ ಆದ್ರೆ ಅದು ಅಪ್ಪೆಹುಳಿನೇ ಅಲ್ಲ. ಈ ರಿವ್ಯೂ ತೆಗಿ.’ ಅವರ ಮಾತು ನೂರಕ್ಕೆ ನೂರು ಸರಿ. ಆದರೂ ತೆಗೆಯಲಿಲ್ಲ. ತಿಂದವರಿಗೆ ಅದು ನೀರೆನಿಸಿತು, ಅದು ಅವರ ಅನುಭವ. ಅದರ ಕೆಳಗೆ ಮಾಲೀಕರ ಉತ್ತರ ಹಾಕಿದೆವು: ಅಪ್ಪೆಮಿಡಿ ಬೇಯಿಸಿ ಕಿವುಚಿ, ನೀರು ಬೆರೆಸಿ, ಒಗ್ಗರಣೆ ಕೊಡುವುದು, ಹೆಚ್ಚಿನವರು ಕುಡಿಯುತ್ತಾರೆ, ಅನ್ನಕ್ಕೆ ಗಟ್ಟಿ ಬೇಕಾದವರು ಕೇಳಿದರೆ ಸಾಂಬಾರು ಇರುತ್ತದೆ. ‘ಮೋಸ’ ಎಂಬ ಶಬ್ದದ ಬಗ್ಗೆ ಮಾತ್ರ ಬರೆದವರನ್ನು ಕೇಳಿದೆವು. ಅವರೇ ಅದನ್ನು ‘ನಿರಾಸೆ’ ಎಂದು ತಿದ್ದಿ ಕಳಿಸಿದರು.

ತಿದ್ದುವವರು ಅವರೇ ಆಗಿರಬೇಕು, ನಾವಲ್ಲ. ಇದಕ್ಕೆ ಶಿಷ್ಟಾಚಾರಕ್ಕಿಂತ ಗಟ್ಟಿ ಕಾರಣ ಇದೆ. ಬೇರೆಯವರು ಬರೆದದ್ದಕ್ಕೆ ಪ್ರಕಟಿಸಿದ ವೇದಿಕೆಯನ್ನು ಹೊಣೆ ಮಾಡದಂತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಒಂದು ರಕ್ಷಣೆ ಕೊಡುತ್ತದೆ. ಆ ರಕ್ಷಣೆಗೆ ಷರತ್ತುಗಳಿವೆ, ಮಾಹಿತಿಯನ್ನು ತಾವಾಗಿ ಬದಲಿಸಬಾರದು ಎನ್ನುವುದು ಅದರಲ್ಲೊಂದು. ಕಾಗುಣಿತ ಸರಿಮಾಡುತ್ತೇನೆ ಎಂದು ಶುರುಮಾಡಿ ‘ಸ್ವಲ್ಪ ಮೆದು ಮಾಡಿದೆ’ ಎಂಬಲ್ಲಿಗೆ ಬಂದರೆ, ಆ ಮಾತು ಅರ್ಧ ನಿಮ್ಮದೂ ಆಯಿತು.

ಎರಡನೇ ಬುಟ್ಟಿ ಸಂಗತಿಯದು. ‘ಬಿಸಿನೀರು ಇರಲಿಲ್ಲ’, ‘ಆನ್‌ಲೈನ್‌ನಲ್ಲಿ ಹೇಳಿದ ದರ ಒಂದು, ಬಂದಾಗ ಕೇಳಿದ್ದು ಇನ್ನೊಂದು’. ಇವು ರಿವ್ಯೂಗಳಲ್ಲಿ ಅತ್ಯಂತ ಉಪಯೋಗದ ಮಾತುಗಳು. ಹಾಕಿ, ಮಾಲೀಕರಿಗೆ ತಿಳಿಸಿ, ಉತ್ತರಕ್ಕೆ ಜಾಗ ಕೊಡಿ. ಅವರು ಒಪ್ಪಿಗೆ ಕೊಡಲಿ ಎಂದು ಕಾಯಬೇಡಿ.

ಮೂರನೆಯದು ಆರೋಪ: ಕಳ್ಳತನ, ಕಿರುಕುಳ, ಊಟದಿಂದ ಆಸ್ಪತ್ರೆ ಸೇರಿದ್ದು, ಮತ್ತೆ ಆ ಏಳು ಲೈಫ್ ಜಾಕೆಟ್. ಇಲ್ಲಿ ಎರಡು ಭಯಗಳು ಎದುರುಬದುರು ನಿಲ್ಲುತ್ತವೆ. ಹಾಕಿದರೆ ಮಾನನಷ್ಟದ ನೋಟಿಸು ಬರಬಹುದು. ಹಾಕದಿದ್ದರೆ ಮುಂದಿನ ಬೋಟಿನಲ್ಲಿ ಕೂರುವವರಿಗೆ ಗೊತ್ತೇ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ (ಹಿಂದೆ ಐಪಿಸಿ 499, 500) ಮಾನನಷ್ಟವನ್ನು ಅಪರಾಧ ಎನ್ನುತ್ತದೆ. ಸಾರ್ವಜನಿಕರ ಒಳಿತಿಗಾಗಿ ಹೇಳಿದ ಸತ್ಯಕ್ಕೆ ಅದರಲ್ಲೇ ವಿನಾಯಿತಿಯೂ ಇದೆ. ಹಾಗಾಗಿ ‘ಆ ಬೋಟಿನವರು ಕೊಲೆಗಡುಕರು’ ಎನ್ನುವುದನ್ನು ಹಾಕುವಂತಿಲ್ಲ. ‘ಹನ್ನೆರಡು ಜನಕ್ಕೆ ಏಳು ಜಾಕೆಟ್ ಇದ್ದವು, ನಾನು ಎಣಿಸಿದೆ’ ಎನ್ನುವುದನ್ನು ಹಾಕಬಹುದು. ಹಾಕುವ ಮೊದಲು ಬರೆದವರಿಗೆ ಫೋನ್ ಮಾಡಿ: ಯಾವ ದಿನ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು, ಫೋಟೊ ಇದೆಯೇ. ಆಮೇಲೆ ಬೋಟಿನವರಿಗೆ ಅದೇ ಪ್ರಶ್ನೆ, ಎರಡು ದಿನದ ಗಡುವು. ಉತ್ತರ ಬಂದರೆ ಎರಡೂ ಒಟ್ಟಿಗೆ, ಬರದಿದ್ದರೆ ‘ಕೇಳಿದೆವು, ಉತ್ತರ ಬಂದಿಲ್ಲ’ ಎಂಬ ಟಿಪ್ಪಣಿಯೊಂದಿಗೆ. ಜೀವಕ್ಕೆ ಅಪಾಯದ ವಿಷಯವಾದರೆ ಪೊಲೀಸರಿಗೋ ಸಂಬಂಧಪಟ್ಟ ಇಲಾಖೆಗೋ ದೂರು ಕೊಡಿ ಎಂದು ಬರೆದವರಿಗೆ ಹೇಳಲೇಬೇಕು. ಎರಡು ಸ್ಟಾರ್ ಕೊಟ್ಟು ಸುಮ್ಮನಾಗುವ ವಿಷಯ ಅದಲ್ಲ.

ಪ್ರಕಟಿಸಿದ ಮೇಲೆ ‘ತೆಗೆಯಿರಿ, ವಕೀಲರನ್ನು ಕಳಿಸುತ್ತೇನೆ’ ಎಂದವರ ಬಾಯಿಮಾತಿಗೇ ತೆಗೆಯಬೇಕಾಗಿಲ್ಲ. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು, ವೇದಿಕೆಗೆ ‘ಗೊತ್ತಾಯಿತು’ ಎನ್ನಬೇಕಾದರೆ ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ಬರಬೇಕು ಎಂದು. ಹಾಗೆಂದು ದೂರು ಕೊಟ್ಟವರಿಗೆ ಬೆನ್ನು ತಿರುಗಿಸುವಂತೆಯೂ ಇಲ್ಲ. 2021ರ ಐಟಿ ನಿಯಮಗಳಂತೆ ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು.

ಜಾತಿ, ಧರ್ಮ, ಭಾಷೆ ಹಿಡಿದು ಬೈದದ್ದು, ಬಡಿಸುವ ಹುಡುಗನ ಹೆಸರು ಹಾಕಿ ಹೀಯಾಳಿಸಿದ್ದು, ಪಕ್ಕದ ಮೇಜಿನ ಮಕ್ಕಳ ಮುಖ ಕಾಣುವ ಫೋಟೊ: ಚರ್ಚೆಯೇ ಬೇಡ, ವಾಪಸು.

ಮಳೆಗಾಲದ ಮೀನು

ಈಗ ಆ ಖಾನಾವಳಿಯ ಒಂದು ಸ್ಟಾರ್. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ನಾಡದೋಣಿಯವರು ತಂದಷ್ಟು ಮೀನು, ಉಳಿದದ್ದು ಐಸಿನದ್ದು, ಇಲ್ಲವೇ ಒಣಮೀನು. ಜುಲೈನಲ್ಲಿ ಬಂದು ತಾಜಾ ಇಸ್ವಾಣ ಸಿಗಲಿಲ್ಲ ಎಂದರೆ ಖಾನಾವಳಿಯವರು ಏನು ಮಾಡಬೇಕು? ಆದರೂ ಬರೆದವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಮುಂದಿನ ಜುಲೈನಲ್ಲಿ ಬರುವವರಿಗೆ ಅದು ಬೇಕಾದ ಮಾಹಿತಿಯೇ. ಆದ್ದರಿಂದ ಪ್ರತಿ ರಿವ್ಯೂಗೆ ಬರೆದ ದಿನಾಂಕಕ್ಕಿಂತ ಹೋದ ತಿಂಗಳು ಮುಖ್ಯ. ಅದು ಮೇಲೆ ಎದ್ದು ಕಾಣಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಶಿರಸಿಯ ಯಾವ ಹೋಟೆಲಿಗೂ ಆ ದಿನಗಳಲ್ಲಿ ನ್ಯಾಯವಾದ ರಿವ್ಯೂ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ.

ಮಾಲೀಕರ ಕೈಯಲ್ಲಿಲ್ಲದ್ದಕ್ಕೆ ಸ್ಟಾರ್ ಕಡಿಮೆ ಮಾಡಿದವರನ್ನು ಏನು ಮಾಡುವುದು ಎನ್ನುವುದು ಇದರ ಮುಂದಿನ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿತ್ತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ‘ತಲುಪಲಿಕ್ಕೇ ಆಗಲಿಲ್ಲ’ ಎಂದು ಹೋಟೆಲಿಗೆ ಒಂದು ಸ್ಟಾರ್ ಕೊಟ್ಟರೆ ಅದು ಹೋಟೆಲಿನ ರಿವ್ಯೂ ಅಲ್ಲ, ರಸ್ತೆಯದು. ವಾಪಸು. ಆದರೆ ಅದೇ ವ್ಯಕ್ತಿ ‘ರಸ್ತೆ ಬಂದ್ ಎಂದು ತಿಳಿಸಿದರೂ ಮುಂಗಡ ಹಣ ವಾಪಸು ಕೊಡಲಿಲ್ಲ’ ಎಂದರೆ ಅದು ಹೋಟೆಲಿನದ್ದೇ, ಹಾಕಬೇಕು. ಉಂಬಳ ಕಚ್ಚಿತು, ನೆಟ್‌ವರ್ಕ್ ಇಲ್ಲ, ಕರೆಂಟು ಹೋಯಿತು ಎನ್ನುವವರನ್ನು ನಾನು ತಡೆಯುವುದಿಲ್ಲ. ಘಟ್ಟದ ಮಳೆಗಾಲ ಹೇಗಿರುತ್ತದೆ ಎಂದು ಬರುವವರಿಗೆ ಮೊದಲೇ ಗೊತ್ತಾದರೆ ಮಾಲೀಕರಿಗೇ ಒಳ್ಳೆಯದು.

ಮುಲಾಜು

ನಿಯಮ ಎಷ್ಟೇ ಚೆನ್ನಾಗಿ ಬರೆದರೂ ಹಾಳಾಗುವುದು ಮುಲಾಜಿನಿಂದ. ಕೆಟ್ಟದ್ದು ಬಂದರೆ ನಾಲ್ಕು ಸಲ ಓದುತ್ತೇವೆ, ಸಾಕ್ಷಿ ಕೇಳುತ್ತೇವೆ. ಒಳ್ಳೆಯದು ಬಂದರೆ ಒತ್ತಿಬಿಡುತ್ತೇವೆ. ಇದಕ್ಕೆ ಒಂದು ಸರಳ ಉಪಾಯ, ಓದುವಾಗ ಸ್ಟಾರ್ ಮುಚ್ಚಿಡುವುದು. ಬರಹ ಮಾತ್ರ ನೋಡಿ ಹಾಕಬೇಕೋ ಬೇಡವೋ ತೀರ್ಮಾನಿಸಿ, ಆಮೇಲೆ ಸ್ಟಾರ್ ನೋಡಿ. ತಿರಸ್ಕರಿಸುವುದಾದರೆ ಇನ್ನೊಬ್ಬರೂ ಒಪ್ಪಬೇಕು, ಮತ್ತು ಆ ಇನ್ನೊಬ್ಬರು ಬೇರೆ ತಾಲೂಕಿನವರಾದರೆ ಉತ್ತಮ. ಭಟ್ಕಳದ ಹೋಟೆಲಿನ ಮುಲಾಜು ಮುಂಡಗೋಡಿನವರಿಗೆ ಇರುವುದಿಲ್ಲ.

ಹಾಕುವ ಕ್ರಮವೂ ಸಣ್ಣ ವಿಷಯವಲ್ಲ. ಮುಚ್ನಿಕ್, ಅರಾಲ್, ಟೇಲರ್ ಎಂಬವರು 2013ರಲ್ಲಿ ಸುದ್ದಿ ಹಂಚಿಕೊಳ್ಳುವ ಒಂದು ತಾಣದಲ್ಲಿ ಕೆಲವು ಪ್ರತಿಕ್ರಿಯೆಗಳಿಗೆ, ಯಾವುದೆಂದು ಆರಿಸದೆ, ಆರಂಭದಲ್ಲೇ ಒಂದು ಮೆಚ್ಚುಗೆ ಒತ್ತಿ ನೋಡಿದರು. ಆ ಒಂದೇ ಒತ್ತಿನಿಂದ ಕೊನೆಯ ಅಂಕ ಸರಾಸರಿ ಶೇ 25ರಷ್ಟು ಏರಿತು. ಅಲ್ಲಿ ನಡೆದದ್ದು ಹೋಟೆಲಿನ ರಿವ್ಯೂಗೂ ನಡೆಯುವುದಿಲ್ಲ ಎನ್ನಲು ಕಾರಣ ಇಲ್ಲ. ಹಾಗಾಗಿ ಬಂದ ಕ್ರಮದಲ್ಲೇ ಹಾಕಿ, ಒಳ್ಳೆಯದನ್ನು ಮುಂದೆ ತಳ್ಳಬೇಡಿ, ಒಂದು ಹತ್ತು ರಿವ್ಯೂ ಆಗುವವರೆಗೆ ಸರಾಸರಿ ಸ್ಟಾರ್ ತೋರಿಸಲೇಬೇಡಿ. ಅಷ್ಟರವರೆಗೆ ಜನ ಬರಹವನ್ನೇ ಓದಲಿ.

ತಿರಸ್ಕಾರಕ್ಕೆ ಕಾರಣ ಬರೆದು ಕೊಡಬೇಕು. ‘ನಮ್ಮ ನಿಯಮಕ್ಕೆ ಹೊಂದುವುದಿಲ್ಲ’ ಎಂಬುದು ಕಾರಣವಲ್ಲ, ಅದು ಅಡ್ಡಗೋಡೆಯ ಮೇಲಿಟ್ಟ ದೀಪ. ಹೀಗಿರಲಿ: ‘ನಿಮ್ಮ ರಿವ್ಯೂ ತಲುಪಿತು. ಯಾವ ತಿಂಗಳು ಹೋಗಿದ್ದಿರಿ, ಏನು ಊಟ ಮಾಡಿದಿರಿ ಎನ್ನುವುದು ಅದರಲ್ಲಿಲ್ಲ. ಎರಡು ಸಾಲು ಸೇರಿಸಿ ಕಳಿಸಿದರೆ ಹಾಕುತ್ತೇವೆ. ಸ್ಟಾರ್ ಬದಲಿಸಬೇಕಾಗಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಒಂದು ಸ್ಟಾರ್ ಕೊಟ್ಟವರು ‘ಓಹೋ, ಮಾಲೀಕರು ಇವರಿಗೆ ಹೇಳಿಸಿದ್ದಾರೆ’ ಎಂದುಕೊಂಡು ಮತ್ತೆ ಬರೆಯುವುದೇ ಇಲ್ಲ.

ಹಳೇ ರಿವ್ಯೂ

ಇನ್ನೊಂದು ವಿಷಯವನ್ನು ನಿಯಮ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ: ಒಪ್ಪಿಗೆ ಎಷ್ಟು ದಿನಕ್ಕೆ? ಕಡಲತೀರದ ಜಾಗಗಳಲ್ಲಿ ಸೀಸನ್ನಿಂದ ಸೀಸನ್ನಿಗೆ ಲೀಸ್ ಬದಲಾಗುವುದುಂಟು. ಅಡುಗೆ ಭಟ್ಟರು ಹೋದರೆ ಖಾನಾವಳಿಯ ರುಚಿಯೇ ಹೋಗುತ್ತದೆ. ಮೂರು ವರ್ಷದ ಹಿಂದಿನ ಐದು ಸ್ಟಾರ್‌ಗಳ ಮೇಲೆ ಈಗಿನವರು ಊಟ ಹಾಕುತ್ತಿರಬಹುದು. ಹಿಂದಿನವರ ಕೊಳಕಿಗೆ ಈಗಿನವರು ಬೈಸಿಕೊಳ್ಳುತ್ತಿರಲೂಬಹುದು. ಹಳೆಯದನ್ನು ಅಳಿಸಬೇಡಿ. ಸರಾಸರಿಗೆ ಕಳೆದ ಎರಡು ಸೀಸನ್ನಿನದ್ದನ್ನು ಮಾತ್ರ ಹಿಡಿಯಿರಿ. ನಡೆಸುವವರು ಬದಲಾದರೆ ‘ಇಲ್ಲಿಂದ ಮುಂದೆ ಹೊಸಬರು’ ಎಂದು ದಿನಾಂಕದೊಂದಿಗೆ ಒಂದು ಗೆರೆ ಎಳೆದು, ಅದಕ್ಕಿಂತ ಹಿಂದಿನದ್ದನ್ನೆಲ್ಲ ಲೆಕ್ಕದಿಂದ ಬಿಡಿ.

ಆ ಗೆರೆಯ ಆಸೆಗೇ ಕೆಲವರು ಬೋರ್ಡು ಬದಲಿಸುತ್ತಾರೆ. ಕೆಟ್ಟ ರಿವ್ಯೂ ರಾಶಿಯಾದ ಮೇಲೆ ಹೊಸ ಹೆಸರು, ಗೋಡೆಗೆ ಹೊಸ ಬಣ್ಣ, ‘ನ್ಯೂ ಮ್ಯಾನೇಜ್‌ಮೆಂಟ್’ ಎಂಬ ಬ್ಯಾನರು. ಅದಕ್ಕೆ ಗೆರೆ ಎಳೆಯುವ ಮೊದಲು ಯಾರಾದರೂ ಒಬ್ಬರು ಹೋಗಿ ಒಂದು ಚಹಾ ಕುಡಿದು ಬರಬೇಕು. ದುಡ್ಡು ಕೊಡಲು ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಹಳೇ ಮಾಲೀಕರ ಹೆಸರೇ ಬಂದರೆ, ಹಳೇ ರಿವ್ಯೂಗಳೆಲ್ಲ ಹೊಸ ಬೋರ್ಡಿನ ಕೆಳಗೂ ಹಾಗೇ ಇರುತ್ತವೆ.